ಬೆಲ್ಟಿನ ಅಳತೆ

ಮಳೆ ಹಿಡಿದ ಮೇಲೆ ಶುರುವಾದದ್ದು.
ಬೆಳಿಗ್ಗೆ ಕೀ ತಿರುಗಿಸಿದರೆ ಸಾಕು,
ಎಂಬತ್ತೇಳರ ನನ್ನ ಪದ್ಮಿನಿ
ಬಾಲ ಮೆಟ್ಟಿಸಿಕೊಂಡ ಬೆಕ್ಕಿನ ಹಾಗೆ
ಅರ್ಧ ಬೋಳಾರಕ್ಕೆ ಕೇಳುವಂತೆ ಕಿರುಚುವುದು.
ಒಂದು ನಿಮಿಷ. ಆಮೇಲೆ
ಎಂತದೂ ಆಗದವಳ ಹಾಗೆ ಗಪ್‌ಚಿಪ್.

ನಾನು ಮಾಡಿದ್ದನ್ನು ಹೇಳಲು ನಾಚಿಕೆ.
ರವಕೆ ಬಟ್ಟೆಗೆ ಗೆರೆ ಹಾಕುವ
ಆ ನೀಲಿ ಚಪ್ಪಟೆ ಸೀಮೆಸುಣ್ಣ ಉಂಟಲ್ಲ,
ಬಾನೆಟ್ ಎತ್ತಿ ಅದನ್ನೇ ಬೆಲ್ಟಿನ ಅಂಚಿಗೆ ಉಜ್ಜಿದೆ.
ಸದ್ದು ನಿಂತಿತು. ನಾಲ್ಕು ದಿನ.
ಮತ್ತೆ ಉಜ್ಜಿದೆ.
ಹೊಲಿಗೆ ಬಿಟ್ಟಲ್ಲಿ ಪಿನ್ನು ಚುಚ್ಚಿಕೊಂಡು
ತಿಂಗಳುಗಟ್ಟಲೆ ತಿರುಗುವವರಿಗೆ
ನಾನೇ ಎಷ್ಟು ಬೈದಿಲ್ಲ!

ಪಾಂಡೇಶ್ವರದ ರೈಲ್ವೆ ಗೇಟಿನಲ್ಲಿ ಕೆಂಪು ದೀಪ ಹತ್ತಿತು,
ಹೊರಗಿನದಲ್ಲ, ಸ್ಟಿಯರಿಂಗಿನ ಹಿಂದಿನ ಸಣ್ಣದು.
ರೈಲು ಹೋಯಿತು, ಗೇಟು ಎದ್ದಿತು,
ಹಿಂದಿನವರೆಲ್ಲ ಹಾರ್ನ್ ಒತ್ತಿ ಮುಂದೆ ಹೋದರು.
ನಾನು, ಹಬೆ, ಹಿಂದಿನ ಸೀಟಿನಲ್ಲಿ
ಸಂಜೆಯೊಳಗೆ ಕೊಡಬೇಕಿದ್ದ ಮದುಮಗಳ ಗೌನು.

ಹಸನಬ್ಬ ಬಂದ, ಹುಡುಗನನ್ನು ಹಿಂದೆ ಕೂರಿಸಿಕೊಂಡು.
ಬೆಲ್ಟಿಗೆ ಬೆರಳು ಎಳೆದ, ಬೆರಳು ನೋಡಿದ.
"ಇದೆಂತ ಸೆವ್ರಿನ್ ಬಾಯಿ, ನೀಲಿ?"
ಹೇಳಿದೆ. ಅವ ನಗಲಿಲ್ಲ.
ನಕ್ಕಿದ್ದರೆ ಒಳ್ಳೆಯದಿತ್ತು.

ಕಳಚಿ ಒಳಮಗ್ಗುಲು ತಿರುಗಿಸಿ ತೋರಿಸಿದ:
ಹಿಮ್ಮಡಿಯ ಹಾಗೆ ಬಿರುಕು ಬಿರುಕು.
ಎರಡೂ ಬದಿ ಮಿರಿಮಿರಿ,
ಕುರ್ಚಿಯಲ್ಲೇ ಪಿಂಚಣಿ ಮುಟ್ಟಿದ ಗುಮಾಸ್ತನ
ಪ್ಯಾಂಟಿನ ಹಿಂಭಾಗದಂತೆ.
ನಂಬರು ಅಳಿಸಿ ಎಷ್ಟು ಕಾಲವಾಯಿತೋ.
"ಸೈಜು ಗೊತ್ತಾಗುದಿಲ್ಲ" ಎಂದ.
ಕೊರಳಲ್ಲಿ ಟೇಪು ನೇತಾಡುತ್ತಿತ್ತು.
"ಒಳಸುತ್ತೋ, ಹೊರಸುತ್ತೋ?"
ಆಗ ನಕ್ಕ.

ಹುಡುಗ ಬಂದರಿನಿಂದ ಮೊದಲು ತಂದದ್ದು ದೊಡ್ಡದು.
ಡೈನಮೋವನ್ನು ಪಟ್ಟಿಯ ತೂತಿನ ಕೊನೆಗೆ ತಳ್ಳಿದರೂ
ಬಾಣಂತಿಯ ಹಳೇ ಲಂಗದಂತೆ ಜೋಲುತ್ತಿತ್ತು.
ರಬ್ಬರಿಗೆ ಟಕ್ಕು ಹಿಡಿಯಲಿಕ್ಕೆ ಬರುವುದಿಲ್ಲವಲ್ಲ.
ಇನ್ನೊಮ್ಮೆ ಓಡಿದ. ಇನ್ನೊಮ್ಮೆ ಮಳೆ.

ಎರಡನೆಯದು ಕೂತಿತು.
ಸಬ್ಬಲಿನಲ್ಲಿ ಡೈನಮೋ ಮೀಟಿ, ಬೋಲ್ಟು ಬಿಗಿದು,
ಕೈ ಒರೆಸಿಕೊಂಡ.
ನಾನು ಎರಡು ಗಾಲಿಗಳ ನಡುವೆ ಹೆಬ್ಬೆರಳು ಒತ್ತಿದೆ.
ತಗ್ಗಲೇ ಇಲ್ಲ.
"ಬಿಗಿ ಜಾಸ್ತಿಯಾಯ್ತು ಮಾರಾಯ."
"ನಿಮಗೆ ಯಾರು ಹೇಳಿದ್ದು?"

ಅಪ್ಪನ ಕಾಲು ಮಿಷಿನ್ನಿಗೆ ಚರ್ಮದ ಬೆಲ್ಟು.
ಮಳೆಗಾಲಕ್ಕೆ ಹಿಗ್ಗುವುದು,
ಕೊಕ್ಕೆ ತೆಗೆದು ಅಕ್ಕಿಕಾಳಿನಷ್ಟು ಕತ್ತರಿಸಿ
ಮತ್ತೆ ಕೊಕ್ಕೆ ಹಾಕುವುದು.
ಒಂದು ವರ್ಷ ಅವಸರದಲ್ಲಿ
ಕಡಲೆಯಷ್ಟು ಕತ್ತರಿಸಿಬಿಟ್ಟರು.
ಬೆಲ್ಟು ಜಾರಲಿಲ್ಲ, ನಿಜ.
ಕ್ರಿಸ್ಮಸ್ಸಿನ ಹೊತ್ತಿಗೆ ಅಪ್ಪನ ಮೊಣಕಾಲು
ಹಲಸಿನ ಗುಜ್ಜೆಯ ಹಾಗೆ ಬಾತಿತ್ತು.
ಹೊಸದಕ್ಕೆ ದುಡ್ಡಿರಲಿಲ್ಲ, ಅದನ್ನೇ ತುಳಿದರು.

ಇಷ್ಟೆಲ್ಲ ಹಸನಬ್ಬನಿಗೆ ಹೇಳಲಿಲ್ಲ.
"ಬೇರಿಂಗ್ ಹೋಗ್ತದೆ" ಎಂದೆ, ಅಷ್ಟೇ.
ಅವ ತಾನೂ ಒತ್ತಿ ನೋಡಿದ,
ಬೋಲ್ಟು ಅರ್ಧ ಸುತ್ತು ಸಡಿಲಿಸಿದ,
ಒಂದು ಕೂದಲು ಹಿಂದೆ ಸರಿಸಿದ.
ಈಗ ಒತ್ತಿದರೆ ಅರ್ಧ ಇಂಚು,
ಕಫ್ ಮಡಿಚುವಷ್ಟು.

"ಇನ್ನೂರು ಕಿಲೋಮೀಟರ್ ಆದ ಮೇಲೆ ಬನ್ನಿ,
ಹೊಸತು ಸ್ವಲ್ಪ ಹಿಗ್ತದೆ."
ಬೋಳಾರದಿಂದ ಹಂಪನಕಟ್ಟೆ, ವಾಪಸು ಬೋಳಾರ.
ಇನ್ನೂರಾಗಲಿಕ್ಕೆ ಒಂದು ತಿಂಗಳು ಬೇಕು.
ಆಗಲಿ. ನೀಲಿ ಸುಣ್ಣದಲ್ಲೇ
ಕ್ಯಾಲೆಂಡರಿನ ಮೇಲೆ ಗೆರೆ ಹಾಕಿಟ್ಟಿದ್ದೇನೆ.

ಗೌನು ಅರ್ಧ ಗಂಟೆ ತಡವಾಗಿ ಮುಟ್ಟಿತು.
ಮರುದಿನ ಬೆಳಿಗ್ಗೆ ಕೀ ತಿರುಗಿಸಿದೆ:
ಫ್ಯಾನಿನ ಗಾಳಿ ಮಾತ್ರ.
ಎಂಟು ಗಂಟೆಗೆ ಪಕ್ಕದ ಲೋಕಯ್ಯಣ್ಣ
ಬನಿಯನ್ನಿನಲ್ಲೇ ಗೇಟಿಗೆ ಓಡಿ ಬಂದರು,
ಧಕ್ಕೆಯಲ್ಲಿ ಬೂತಾಯಿ ಏಲಂ ಮುಗಿದೇ ಹೋಗಿತ್ತಂತೆ:
"ಎಂತ ಬಾಯಿ, ಇವತ್ತು ನಿಮ್ಮ ಕಾರು ಕೂಗಲೇ ಇಲ್ಲ?"